ದಮ್ಮಕ್ಕನ ಮುಂಬಲ್ಲು

ಬಸ್ ಡಿಪೋದ ಬ್ಯಾಂಡಿನಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ದಮ್ಮಕ್ಕ ಎಂದು. ಒಂದೇ ಉಸಿರಿನಲ್ಲಿ ಆಕೆ ಕ್ಲಾರಿನೆಟ್ಟನ್ನು ಎಷ್ಟು ಹೊತ್ತು ಊದುತ್ತಿದ್ದಳೆಂದರೆ, ಪಕ್ಕದಲ್ಲಿ ಕೂತ ಡ್ರಮ್ಮಿನವನು ತನಗರಿವಿಲ್ಲದೆ ತಾನೂ ಉಸಿರು ಬಿಗಿಹಿಡಿದು ಕೊನೆಗೆ ಕೆಮ್ಮಿಬಿಡುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದೇ ಆಕೆಯ ನಿಜವಾದ ಹೆಸರೆಂದು ತಿಳಿದಿರುತ್ತಿದ್ದರು. ಹಾಜರಿ ಕರೆಯುವಾಗ ಬೇರೊಂದು ಹೆಸರಿಗೆ ಆಕೆ ಕೈಯೆತ್ತಿದ್ದು ಕಂಡು ತಬ್ಬಿಬ್ಬಾಗುತ್ತಿದ್ದರು.

ಹಗಲೆಲ್ಲ ಆಕೆಗೆ ಡಿಪೋದ ಸೀಟು ವಿಭಾಗದಲ್ಲಿ ಕೆಲಸ. ಹರಿದ ಹೊದಿಕೆ ಕಿತ್ತು, ಕುಸಿದ ಸ್ಪಂಜು ಬದಲಿಸಿ, ಹೊಸ ರೆಕ್ಸಿನ್ನನ್ನು ಇಕ್ಕಳದಲ್ಲಿ ಎಳೆದು ಬಿಗಿದು ಮೊಳೆ ಹೊಡೆಯಬೇಕು. ಪಾಳಿ ಮುಗಿದ ಮೇಲೆ ಕೈಗಂಟಿದ ಅಂಟನ್ನು ಉಜ್ಜಿ ತೊಳೆದು, ಬಸ್ಸು ತೊಳೆಯುವ ಶೆಡ್ಡಿನ ಪಕ್ಕದ ಕೋಣೆಗೆ ಬರುವಳು. ಅಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲ ಸೇರಿ ಕಬ್ಬಿಣದ ಕುರ್ಚಿಗಳ ಮೇಲೆ ಅರ್ಧಚಂದ್ರಾಕಾರವಾಗಿ ಕೂತಿರುತ್ತಿದ್ದರು. ಅವರನ್ನು ನಡೆಸುವವರು ಬ್ಯಾಂಡ್ ಮೇಷ್ಟ್ರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ, ಹುಬ್ಬು ದಪ್ಪ. ಆ ಹುಬ್ಬು ಏರಿತೆಂದರೆ ಯಾರೋ ಶ್ರುತಿ ತಪ್ಪಿದ್ದಾರೆಂದೇ ಅರ್ಥ.

ಆ ವರ್ಷ ಕಾರ್ಮಿಕರ ಬ್ಯಾಂಡುಗಳ ಸ್ಪರ್ಧೆಗೆ ಮೇಷ್ಟ್ರು ಆರಿಸಿದ ಕೃತಿ ಉದ್ದದ್ದು, ಕಷ್ಟದ್ದು. ಅದರ ಕೊನೆಯ ಭಾಗದಲ್ಲಿ ಉಳಿದ ವಾದ್ಯಗಳೆಲ್ಲ ಒಂದೊಂದಾಗಿ ಸುಮ್ಮನಾಗಿ, ಕ್ಲಾರಿನೆಟ್ಟು ಒಂದೇ ಉಳಿಯುತ್ತದೆ. ಬಹಳ ಹೊತ್ತು ಒಂಟಿಯಾಗಿ ಸೋಲೋ ನುಡಿದು, ಮೆಲ್ಲಗೆ ಮೇಲೇರಿ, ಕೊನೆಗೆ ಅದೇ ಎಲ್ಲರನ್ನೂ ಎಬ್ಬಿಸಿಕೊಂಡು ಮುಕ್ತಾಯಕ್ಕೆ ಕರೆದೊಯ್ಯಬೇಕು.

"ಇದು ನಿನ್ನ ನೋಡಿಯೇ ಬರೆದ ಹಾಗಿದೆಯಮ್ಮ," ಎಂದು ಮೇಷ್ಟ್ರು ಆಕೆಯ ಕೈಗೆ ಸ್ವರದ ಹಾಳೆ ಕೊಟ್ಟಿದ್ದರು. ಮೇಷ್ಟ್ರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಡಿಪೋದ ಬ್ಯಾಂಡು ಆ ಸ್ಪರ್ಧೆಯಲ್ಲಿ ಯಾವತ್ತೂ ಗೆದ್ದಿರಲಿಲ್ಲ.

ಅದೇ ವಾರ ಸೀಟು ವಿಭಾಗದಲ್ಲಿ ಅನಾಹುತವಾಯಿತು. ಹಿಂದಿನ ಸಾಲಿನ ಉದ್ದ ಸೀಟಿಗೆ ರೆಕ್ಸಿನ್ ಎಳೆಯುತ್ತಿದ್ದಳು. ಚಳಿಗೆ ರೆಕ್ಸಿನ್ ಬಿರುಸಾಗಿತ್ತು. ಕಾಲನ್ನು ಮರದ ಚೌಕಟ್ಟಿಗೆ ಒತ್ತಿ ಎರಡೂ ಕೈಯಿಂದ ಇಕ್ಕಳ ಜಗ್ಗಿದಳು. ಅಂಚು ಪರ್ರೆಂದು ಹರಿಯಿತು. ಇಕ್ಕಳ ಅಷ್ಟೇ ಜೋರಾಗಿ ಬಂದು ಆಕೆಯ ಬಾಯಿಗೇ ಬಡಿಯಿತು. ಮೇಲಿನ ಎರಡು ಮುಂಬಲ್ಲುಗಳಲ್ಲಿ ಒಂದು ಅಲ್ಲೇ ಮುರಿದು ನೆಲಕ್ಕೆ ಬಿತ್ತು. ಇನ್ನೊಂದು ಬಾಗಿಲ ಚಿಲಕದ ಹಾಗೆ ಅಲುಗಾಡುತ್ತಿತ್ತು. ಹಲ್ಲಿನ ಡಾಕ್ಟರು ಅದನ್ನು ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅದನ್ನೂ ಕಿತ್ತು, ಮುರಿದದ್ದರ ಬೇರನ್ನೂ ತೆಗೆದರು.

ಮನೆಗೆ ಬಂದಾಗ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಳು. ಗಂಡ ಅದೇ ಡಿಪೋದಲ್ಲಿ ಡ್ರೈವರು. ಹೆಂಡತಿಯ ಮುಖ ನೋಡಿ ನೀರು ಕಾಯಿಸಲು ಹೋದ. ಮಾತಿನ ಭಾರವೆಲ್ಲ ಎಂದಿನಂತೆ ಅತ್ತೆಯ ಮೇಲೆ ಬಿತ್ತು. ಅತ್ತೆಯ ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇರಲಿಲ್ಲ. ಸೆಟ್ಟು ಹಾಕಿಕೊಂಡರೆ ಗಂಭೀರ ಯಜಮಾನಿ, ತೆಗೆದಿಟ್ಟರೆ ಮಗು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ," ಅತ್ತೆ ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ನಿಂಗೆ ಕಡಲೆ ಸಿಕ್ಕಿದ ವಾರವೇ ಹೋಗ್ಬೇಕಿತ್ತಾ ಇದು? ಅಳಬೇಡ. ನಂಗೆ ಒಂದೂ ಇಲ್ಲ, ಆದ್ರೂ ಈ ಮನೇಲಿ ಯಾರನ್ನ ಹೆದರಿಸದೆ ಬಿಟ್ಟಿದ್ದೀನಿ ಹೇಳು."

ಆಕೆಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ಬಾಯಿ ಉರಿಯಿತು.

ಕ್ಲಾರಿನೆಟ್ಟು ಊದುವವರಿಗೆ ಬಾಯಿಯೂ ವಾದ್ಯದ ಒಂದು ಭಾಗವೇ. ಮೇಲಿನ ಮುಂಬಲ್ಲುಗಳು ಮೌತ್‌ಪೀಸಿನ ಇಳಿಜಾರಿನ ಮೇಲೆ ಊರಬೇಕು. ಕೆಳತುಟಿ ಕೆಳಹಲ್ಲುಗಳ ಮೇಲೆ ಮಡಚಿ ಮೆತ್ತೆಯಾಗಬೇಕು, ಆ ಮೆತ್ತೆಯ ಮೇಲೆ ರೀಡು ಎಂಬ ತೆಳ್ಳನೆಯ ಪಟ್ಟಿ ಕಂಪಿಸಬೇಕು. ಬಾಯಿಯ ಎರಡು ಮೂಲೆಗಳು ಚೀಲದ ಬಾಯಿಗೆ ಕಟ್ಟಿದ ದಾರದ ಹಾಗೆ ಬಿಗಿಯಾಗಿ ನಿಲ್ಲಬೇಕು. ಇಷ್ಟೂ ಕೂಡಿಬಂದಾಗ ನಾದ ಹುಟ್ಟುತ್ತದೆ, ಹಲ್ಲಿನಿಂದ ಮೂಳೆಗೆ ಹತ್ತಿ ತಲೆಯೊಳಗೆಲ್ಲ ಗುಂಯ್‌ಗುಡುತ್ತದೆ. ಹುಡುಗಿಯಾಗಿದ್ದಾಗಿನಿಂದ ಆಕೆ ತನ್ನ ವಾದ್ಯವನ್ನು ಕಿವಿಗಿಂತ ಹೆಚ್ಚಾಗಿ ಆ ಹಲ್ಲುಗಳಿಂದಲೇ ಕೇಳುತ್ತಿದ್ದಳು.

ವಸಡು ಮಾಯುವವರೆಗೆ ಇರಲಿ ಎಂದು ಡಾಕ್ಟರು ತೆಗೆದು ಹಾಕುವಂಥ ಎರಡು ಹಲ್ಲಿನ ತಟ್ಟೆಯೊಂದನ್ನು ಮಾಡಿಕೊಟ್ಟರು. ಅಂಗುಳಕ್ಕೆ ಅಂಟಿ ಕೂರುವ ಗುಲಾಬಿ ಬಣ್ಣದ ತಟ್ಟೆ. ಅದನ್ನು ಹಾಕಿಕೊಂಡು ಆಕೆ ಮೊದಲ ಸಲ ಬ್ಯಾಂಡಿನ ಕೋಣೆಗೆ ಬಂದ ದಿನ ಎಲ್ಲರೂ ಎದ್ದು ನಿಂತರು. ಮೇಷ್ಟ್ರು ಕೋಲು ಎತ್ತಿದರು. ಆಕೆ ಉಸಿರು ತುಂಬಿ ಊದಿದಳು. ನಾದ ಬಂತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಊದಿದ ಹಾಗೆ. ತಲೆಯೊಳಗೆ ಏನೂ ಇಲ್ಲ, ಬರೀ ಮೌನ. ಗಾಬರಿಯಾಗಿ ಇನ್ನಷ್ಟು ಒತ್ತಿದಳು. ತಟ್ಟೆ ಅಂಗುಳದಿಂದ ಕಳಚಿ, ಮೌತ್‌ಪೀಸಿಗೆ ತಗುಲಿ, ಟಪ್ಪೆಂದು ಆಕೆಯ ತೊಡೆಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಆಕೆಗೆ ಹಗುರಾಗುತ್ತಿತ್ತೇನೋ. ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಕೈಯಿಂದ ಬಾಯಿ ಮುಚ್ಚಿಕೊಂಡು, "ನೀವು ನಡೆಸಿ ಮೇಷ್ಟ್ರೇ," ಎಂದಳು.

ಮೇಷ್ಟ್ರು ಎರಡನೇ ಕ್ಲಾರಿನೆಟ್ಟಿನವನ ಕಡೆ ನೋಡಿದರು. ಅವನು ಬಸ್ಸುಗಳಿಗೆ ಬಣ್ಣ ಹೊಡೆಯುವ ಪೇಂಟರು. ಅವನಿಗೆ ಬೆರಳಿಡುವುದನ್ನು ಕಲಿಸಿದವಳು ಆಕೆಯೇ.

"ಸೋಲೋ ನೀನು ನೋಡಿಟ್ಕೊಂಡಿರು," ಎಂದರು ಮೇಷ್ಟ್ರು.

ಪೇಂಟರು ಹೊರಗೆ ಬಂದ ಮೇಲೆ ಬಸ್ಸುಗಳ ನಡುವೆ ಆಕೆಯನ್ನು ತಡೆದು ನಿಲ್ಲಿಸಿದ. "ಅಕ್ಕ, ಸುಳ್ಳು ಹೇಳಲ್ಲ. ನಂಗೂ ಆಸೆ ಇದೆ. ಚೆನ್ನಾಗೇ ಕಲೀತೀನಿ. ಆದ್ರೆ ನೀವು ವಾಪಸ್ ಬಂದ್ರೆ ನಾನು ಪಕ್ಕಕ್ಕೆ ಸರೀತೀನಿ ಅಂತ ಮಾತ್ರ ಅಂದ್ಕೋಬೇಡಿ. ಊದಿ ತೋರಿಸ್ಬೇಕು."

"ಹಾಗಂದ್ಯಲ್ಲ, ಅದೇ ಸರಿ," ಎಂದಳು ಆಕೆ. ಕರುಣೆಯಿಂದ ಬಿಟ್ಟುಕೊಟ್ಟದ್ದನ್ನು ಆಕೆ ಹೇಗೂ ಮುಟ್ಟುತ್ತಿರಲಿಲ್ಲ.

ವಸಡು ಮಾಯಲು ತಿಂಗಳುಗಳೇ ಹಿಡಿದವು. ಆಮೇಲೆ ಡಾಕ್ಟರು ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಕಟ್ಟಿ ನಿಲ್ಲಿಸುವ ಬ್ರಿಡ್ಜ್ ಮಾಡಲು ಹೊರಟರು. ಆಕೆಗಿಂತ ಬಹಳ ಚಿಕ್ಕವರು ಈ ಡಾಕ್ಟರಮ್ಮ. ಕೆಲಸ ಮಾಡುವಾಗ ತಮಗೇ ಕೇಳಿಸುವಷ್ಟು ಮೆಲ್ಲಗೆ ಗುನುಗುವ ಅಭ್ಯಾಸ ಅವರಿಗೆ. ಕಾಯಂ ಬ್ರಿಡ್ಜಿಗೆ ಮುಂಚೆ ಪರೀಕ್ಷೆಗೆಂದು ಪ್ಲಾಸ್ಟಿಕ್ಕಿನದೊಂದನ್ನು ಕೂರಿಸಿ ಕನ್ನಡಿ ಹಿಡಿದರು. ಹಲ್ಲುಗಳು ಮುತ್ತು ಪೋಣಿಸಿದ ಹಾಗೆ ಸಮನಾಗಿದ್ದವು.

ಮನೆಗೆ ಹೋಗಿ ಊದಿ ನೋಡಿ, ಮಾರನೇ ದಿನವೇ ಆಕೆ ವಾಪಸ್ಸು ಬಂದಳು.

"ನಗೋಕೆ ಚೆನ್ನಾಗಿದೆ ಡಾಕ್ಟ್ರೇ. ಊದೋಕೆ ಆಗ್ತಿಲ್ಲ. ದವಡೆ ಎಲ್ಲೋ ಹೋಗುತ್ತೆ, ತುಟಿ ಎಲ್ಲೋ ಹೋಗುತ್ತೆ."

"ವಾದ್ಯ ಎಲ್ಲಿ?"

"ಮನೇಲಿದೆ."

"ಅದನ್ನ ಬಿಟ್ಟು ನೀವೊಬ್ರೇ ಬಂದ್ರೆ ನಾನು ಏನು ನೋಡ್ಲಿ? ತಗೊಂಡು ಬನ್ನಿ."

ಸಂಜೆ ಆಕೆ ಕ್ಲಾರಿನೆಟ್ಟಿನ ಪೆಟ್ಟಿಗೆಯೊಂದಿಗೆ ಆ ಎತ್ತರದ ಕುರ್ಚಿಯ ಮೇಲೆ ಕೂತಳು. ಡಾಕ್ಟರು ಕುರ್ಚಿಯ ಬೆನ್ನನ್ನು ನೆಟ್ಟಗೆ ಮಾಡಿ, ದೀಪ ತಿರುಗಿಸಿ, "ಊದಿ" ಎಂದರು. ಬಾಗಿಲಾಚೆ ಸರದಿ ಕಾಯುತ್ತಿದ್ದವರಿಗೆ ಕ್ಲಾರಿನೆಟ್ಟಿನ ಕೀರಲು ದನಿ ಕೇಳಿತು. ಕೆನ್ನೆ ಊದಿಸಿಕೊಂಡು ಕೂತಿದ್ದ ಮುದುಕನೊಬ್ಬ, "ಒಳಗೆ ಹಲ್ಲು ಕೀಳ್ತಿದ್ದಾರೋ, ಮದುವೆ ಮಾಡ್ತಿದ್ದಾರೋ?" ಎಂದು ಕೇಳಿದ. ನಗು ಒಳಗಿನವರೆಗೂ ಬಂತು.

ಡಾಕ್ಟರು ನಗಲಿಲ್ಲ. ಆಕೆಯ ಬಾಯಿಯನ್ನು ಒಂದು ಪಕ್ಕದಿಂದ, ಆಮೇಲೆ ಇನ್ನೊಂದು ಪಕ್ಕದಿಂದ ನೋಡಿ, ಮೌತ್‌ಪೀಸನ್ನು ಬಿಚ್ಚಿ ಕೊಡುವಂತೆ ಕೇಳಿದರು. ದೀಪದ ಕೆಳಗೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಏರಿಸಿ, ಅದನ್ನು ಮೆಲ್ಲಗೆ ತಿರುಗಿಸಿದರು. ಕಪ್ಪು ಇಳಿಜಾರಿನ ಮೇಲೆ ಎರಡು ಸಣ್ಣ ಗುಳಿಗಳಿದ್ದವು. ಅದೆಷ್ಟೋ ವರ್ಷ ಹಲ್ಲು ಊರಿ ಊರಿ ಸವೆದದ್ದು.

"ಇಲ್ಲಿ ನೋಡಿ. ಒಂದು ಆಳ, ಇನ್ನೊಂದು ಮೇಲುಮೇಲೆ. ನಿಮ್ಮ ಎಡಗಡೆ ಹಲ್ಲು ಉದ್ದ ಇತ್ತಾ?"

"ಇತ್ತು. ಸ್ವಲ್ಪ ಮುಂದಕ್ಕೂ ಬಂದಿತ್ತು. ಸ್ಕೂಲಲ್ಲಿ ಮೊಲ ಅಂತಿದ್ರು."

ಡಾಕ್ಟರು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. "ನಿಮ್ಮ ಹಳೇ ಹಲ್ಲಿನ ಅಚ್ಚು ಇದರ ಮೇಲೇ ಇದೆ. ನಾನು ಚೆಂದ ಕಾಣ್ಲಿ ಅಂತ ಎರಡನ್ನೂ ಸಮ ಮಾಡಿಬಿಟ್ಟೆ. ಹಿಂದೆ ದಪ್ಪವೂ ಜಾಸ್ತಿ ಆಗಿದೆ, ಅದಕ್ಕೇ ದವಡೆ ಕೆಳಗೆ ಹೋಗ್ತಿದೆ. ಈಗ ಹೇಳಿ, ಫೋಟೋಗೆ ಬೇಕಾ, ಊದೋಕೆ ಬೇಕಾ?"

"ಮೊಲಾನೇ ಇರ್ಲಿ ಡಾಕ್ಟ್ರೇ."

ಡಾಕ್ಟರು ಮೌತ್‌ಪೀಸಿನ ಗುಳಿಗಳದೇ ಅಚ್ಚು ತೆಗೆದರು. ಆ ಸಂಜೆ ಮತ್ತು ಮುಂದಿನ ಸಂಜೆಗಳಲ್ಲಿ ಇಬ್ಬರೂ ಸೇರಿ ಕೆಲಸ ಮಾಡಿದರು. ಡಾಕ್ಟರು ಚೂರು ಉಜ್ಜುವರು, ಆಕೆ ಊದುವಳು. "ಇನ್ನೂ ಎಡಕ್ಕೆ ಜಾರ್ತಿದೆ," ಎಂದರೆ ಚೂರು ಸೇರಿಸುವರು. "ಮೇಲಿನ ಸ್ವರ ಕೀಚ್ ಅಂತಿದೆ," ಎಂದರೆ ಹಿಂದುಗಡೆ ತೆಳು ಮಾಡುವರು. ಪ್ಲಾಸ್ಟಿಕ್ಕಿನಲ್ಲಿ ಎಲ್ಲ ಸರಿಹೊಂದಿದ ಮೇಲೆ ಅದೇ ಅಳತೆಗೆ ಗಟ್ಟಿ ಬ್ರಿಡ್ಜ್ ಮಾಡಿಸಿ ಅಂಟಿಸಿದರು. ಅಂಟು ಗಟ್ಟಿಯಾದ ಮೇಲೆ ಆಕೆ ಮೌತ್‌ಪೀಸು ಬಾಯಿಗಿಟ್ಟಳು. ಎಡಗಡೆಯ ಹಲ್ಲು ತನ್ನ ಗುಳಿಯನ್ನು ತಾನೇ ಹುಡುಕಿಕೊಂಡು ಕೂತಿತು. ಊದಿದಳು.

ನಾದ ಹಲ್ಲಿಗೆ ಬಂತು, ಹಲ್ಲಿನಿಂದ ಮೂಗಿನ ಬುಡಕ್ಕೆ, ಅಲ್ಲಿಂದ ಹಣೆಗೆ, ನೆತ್ತಿಗೆ. ಮನೆ ಬಿಟ್ಟು ಹೋದವರು ಬಂದು ಬಾಗಿಲು ತಟ್ಟಿದ ಹಾಗಾಯಿತು. ಆಕೆ ವಾದ್ಯ ಇಳಿಸಿ ಕಣ್ಣೊರೆಸಿಕೊಂಡಳು. ಡಾಕ್ಟರು ಗವುಸು ಬಿಚ್ಚುತ್ತ, "ನಂಗೂ ಕೇಳ್ತು ಬಿಡಿ," ಎಂದರು.

ಅಷ್ಟಕ್ಕೇ ಎಲ್ಲ ಮುಗಿಯಿತೆಂದುಕೊಂಡಳು. ಮುಗಿದಿರಲಿಲ್ಲ.

ಹಲ್ಲು ಬಂತು, ದಮ್ಮು ಬರಲಿಲ್ಲ. ಉಸಿರೇನೋ ಇತ್ತು, ಅದನ್ನು ಹಿಡಿದಿಡುವ ಬಾಯಿ ಇರಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ತುಟಿಯ ಸ್ನಾಯುಗಳು ಸಡಿಲವಾಗಿದ್ದವು. ಸ್ವಲ್ಪ ಹೊತ್ತು ಊದುತ್ತಿದ್ದಂತೆ ಬಾಯಿಯ ಮೂಲೆಗಳು ನಡುಗಿ ಗಾಳಿ ಸೋರುತ್ತಿತ್ತು. ಸೋರದಿರಲೆಂದು ಕಚ್ಚಿದರೆ ಕೆಳತುಟಿಯ ಒಳಗೆ ಕೆಳಹಲ್ಲುಗಳು ಅಚ್ಚೊತ್ತಿ ಹುಣ್ಣಾಗುತ್ತಿತ್ತು. ಸೋಲೋದ ಅರ್ಧದಾರಿಯಲ್ಲೇ ಆಕೆಯ ಬಾಯಿ ತೂತುಬಿದ್ದ ಟಯರಾಗುತ್ತಿತ್ತು. ಅತ್ತ ಪೇಂಟರು ದಿನದಿನಕ್ಕೆ ಪಳಗುತ್ತಿದ್ದ. ಸ್ಪರ್ಧೆ ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಊದುತ್ತಿದ್ದಳು. ಊಟ ಮುಗಿಸಿ ಸೆಟ್ಟನ್ನು ನೀರಿನ ಲೋಟದಲ್ಲಿ ಮಲಗಿಸಿ ಅತ್ತೆ ಎದುರಿಗೆ ಕೂತಿದ್ದಳು. ನಾದ ಮತ್ತೆ ಅದೇ ಜಾಗದಲ್ಲಿ ಒಡೆಯಿತು. ಆಕೆ ವಾದ್ಯವನ್ನು ಮೇಜಿನ ಮೇಲಿಟ್ಟಳು.

"ನನ್ನ ಕೈಲಾಗಲ್ಲ ಅತ್ತೆ. ಅವನೇ ಊದ್ಲಿ."

"ಕೊಡು ಇಲ್ಲಿ. ಅಷ್ಟು ಗೋಳು ಹೊಯ್ಕೊಳ್ಳೋ ಅಂಥದ್ದು ಏನಿದೆ ಇದ್ರಲ್ಲಿ, ನಾನೂ ನೋಡ್ತೀನಿ."

"ನಿಮಗೆ ಹಲ್ಲೇ ಇಲ್ವಲ್ಲ."

"ನಿಂಗಿದ್ದು ಏನಾಯ್ತು?"

ಸೊಸೆ ವಾದ್ಯವನ್ನು ಹಿಡಿದುಕೊಂಡಳು. ಅತ್ತೆ ಬಾಯಿ ತೆರೆದು, ಮೇಲಿನ ತುಟಿಯನ್ನೂ ಕೆಳಗಿನ ತುಟಿಯನ್ನೂ ಒಳಗೆ ಮಡಚಿ ಮೌತ್‌ಪೀಸನ್ನು ಕವುಚಿಕೊಂಡಳು. ಮೊದಲು ಬರೀ ಗಾಳಿ. ಎರಡನೇ ಸಲವೂ ಗಾಳಿಯೇ. ಮೂರನೇ ಸಲಕ್ಕೆ ಒಂದು ತಗ್ಗು ಸ್ವರ ಬಂತು. ದುಂಡಗೆ, ಒಂದಿಷ್ಟೂ ನಡುಗದೆ. ಅತ್ತೆಯೇ ಬೆಚ್ಚಿ ಬಾಯಿ ತೆಗೆದಳು.

"ಇದೇನೇ, ಎಮ್ಮೆ ಕೂಗಿದ ಹಾಗೆ."

ಸೊಸೆ ಅತ್ತೆಯ ತುಟಿಯನ್ನೇ ನೋಡಿದಳು. ಎಷ್ಟೋ ದಿನದಿಂದ ತನಗೆ ಬಾರದಿದ್ದ ಶಾಂತವಾದ ನಾದ ಈ ಬೊಚ್ಚುಬಾಯಿಂದ ಬಂದಿತ್ತು.

"ಅತ್ತೆ, ಹೇಗೆ ಹಿಡಿದ್ರಿ? ಇನ್ನೊಂದ್ಸಲ ಮಾಡಿ."

"ಹೇಗೆ ಹಿಡಿಯೋದು? ತುಟೀಲಿ. ನಿನ್ನ ಹಾಗೆ ಕಚ್ಚೋಕೆ ನನ್ನ ಹತ್ರ ಏನಿದೆ?"

ಆಗ ಆಕೆಗೆ ಹೊಳೆಯಿತು. ಪೆಟ್ಟು ಬಿದ್ದ ದಿನದಿಂದ ತಾನು ಹೆದರಿದ್ದಳು. ತಟ್ಟೆ ಜಾರಿ ಬಿದ್ದ ಆ ಸಂಜೆಯ ಹೆದರಿಕೆ ಬ್ರಿಡ್ಜ್ ಕೂತ ಮೇಲೂ ಹೋಗಿರಲಿಲ್ಲ. ಹಲ್ಲು ಎಲ್ಲಿ ಕಳಚೀತೋ ಎಂದು ದವಡೆ ತಾನಾಗಿ ಕಚ್ಚುತ್ತಿತ್ತು. ದವಡೆಯೇ ಎಲ್ಲ ಹೊತ್ತುಕೊಂಡ ಮೇಲೆ ತುಟಿಗೆ ಕೆಲಸವೆಲ್ಲಿ? ಕೆಲಸವಿಲ್ಲದ ತುಟಿಗೆ ಬಲವೆಲ್ಲಿ? ಆಕೆ ಅತ್ತೆಯಂತೆಯೇ ಮೇಲಿನ ತುಟಿಯನ್ನೂ ಮಡಚಿ ಹೊಸ ಹಲ್ಲುಗಳ ಕೆಳಗೆ ಇಟ್ಟುಕೊಂಡಳು. ಕಚ್ಚಲು ಹೋದರೆ ತುಟಿಗೇ ನೋವು. ವಿಧಿಯಿಲ್ಲದೆ ಬಾಯಿಯ ಮೂಲೆಗಳು ಎದ್ದು ಕೆಲಸಕ್ಕೆ ನಿಂತವು. ನಾದ ತೆಳ್ಳಗಿತ್ತು, ಆದರೆ ಒಡೆಯಲಿಲ್ಲ.

ಮೇಷ್ಟ್ರಿಗೆ ಹೇಳಿದಾಗ ಹುಬ್ಬು ಏರಲಿಲ್ಲ. "ಹಿಂದೆ ಹಾಗೇ ಊದೋರಿದ್ರು. ತುಟಿ ಗಟ್ಟಿಯಾಗೋಕೆ ಅದಕ್ಕಿಂತ ಒಳ್ಳೆ ಸಾಧನೆ ಇಲ್ಲ. ಆದ್ರೆ ದಣಿಯೋ ಮುಂಚೆ ನಿಲ್ಲಿಸ್ಬೇಕು. ದಣಿದ ಮೇಲೆ ಊದಿದ್ದು ಸಾಧನೆ ಅಲ್ಲ, ಹಠ."

ಆಕೆಗೆ ಹಠ ಬಿಡುವುದೇ ಕಷ್ಟವಾಯಿತು. ಮೆತ್ತನೆಯ ರೀಡು ಹಾಕಿ ಬೆಳಗ್ಗೆ ಸ್ವಲ್ಪ, ಊಟದ ಬಿಡುವಿನಲ್ಲಿ ಸ್ಪಂಜಿನ ರಾಶಿಯ ಹಿಂದೆ ಸ್ವಲ್ಪ, ಸಂಜೆ ಸ್ವಲ್ಪ ಊದುವಳು. ನಡುಕ ಬರುವ ಮುಂಚೆಯೇ ಇಳಿಸಿಡುವಳು. ಬಿಡುವಿನಲ್ಲಿ ಬೆರಳುಗಳನ್ನು ಮಾತ್ರ ಆಡಿಸುವಳು. ಗಂಡ ಹೆಚ್ಚು ಮಾತಿಲ್ಲದ ಮನುಷ್ಯ. ಬಸ್ಸಿನ ಹಳೇ ಬೆಲ್ಟಿನಿಂದ ಒಂದು ಪಟ್ಟಿ ಮಾಡಿ, ವಾದ್ಯದ ಭಾರ ಹೆಬ್ಬೆರಳಿಗೂ ಬಾಯಿಗೂ ಬೀಳದಂತೆ ಕುತ್ತಿಗೆಗೆ ತೂಗಿಹಾಕಿಕೊಟ್ಟ. "ಸ್ಟೇರಿಂಗ್ ಬಿಗಿ ಹಿಡಿದ್ರೆ ದೂರ ಓಡ್ಸೋಕಾಗಲ್ಲ," ಎಂದಷ್ಟೇ ಹೇಳಿದ. ವಾರಗಳು ಉರುಳಿದಂತೆ ತುಟಿಯ ಮೂಲೆಗಳಲ್ಲಿ ಹಳೆಯ ಗಂಟು ಮತ್ತೆ ಕಟ್ಟತೊಡಗಿತು. ಒಂದೊಂದೇ ಹಂತ ಗಟ್ಟಿ ರೀಡಿಗೆ ಏರಿದಳು. ಒಂದು ದಿನ ಮೇಲಿನ ತುಟಿಯನ್ನು ಬಿಡಿಸಿ, ಹಲ್ಲನ್ನು ಅದರ ಗುಳಿಯಲ್ಲಿ ಹಗುರವಾಗಿ ಊರಿ, ಸೋಲೋವನ್ನು ಮೊದಲಿಂದ ಕೊನೆಯವರೆಗೆ ಊದಿದಳು. ದವಡೆ ಸುಮ್ಮನೆ ಕೂತಿತ್ತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ನಿಂತಿದ್ದಳು.

ಮೇಷ್ಟ್ರು ಇಬ್ಬರನ್ನೂ ಬ್ಯಾಂಡಿನೆದುರೇ ಪರೀಕ್ಷಿಸಿದರು. ಇಡೀ ಕೃತಿಯನ್ನು ಪೇಂಟರನ ಸೋಲೋದೊಂದಿಗೆ ಒಮ್ಮೆ, ಆಕೆಯ ಸೋಲೋದೊಂದಿಗೆ ಒಮ್ಮೆ ನುಡಿಸಿದರು. ಪೇಂಟರು ಒಂದು ಸ್ವರವೂ ತಪ್ಪದೆ, ಅಚ್ಚುಕಟ್ಟಾಗಿ ನುಡಿಸಿದ. ಎಲ್ಲರೂ ತಲೆದೂಗಿದರು. ಆಮೇಲೆ ಆಕೆ ಊದಿದಳು. ಕೊನೆಯ ಏರಿಕೆಯಲ್ಲಿ ಡ್ರಮ್ಮಿನವನು ಕೆಮ್ಮಿದ. ಎಲ್ಲರೂ ಒಟ್ಟಿಗೆ ನಕ್ಕರು. ಬಹಳ ದಿನಗಳಿಂದ ಆ ಕೆಮ್ಮು ಕೇಳಿರಲಿಲ್ಲ.

ಮೇಷ್ಟ್ರು ಏನೋ ಹೇಳಲು ಹೊರಟಾಗ ಪೇಂಟರೇ ಸೋಲೋದ ಹಾಳೆಯನ್ನು ತೆಗೆದು ಆಕೆಯ ಸ್ಟ್ಯಾಂಡಿನ ಮೇಲಿಟ್ಟ. "ಊದಿ ತೋರಿಸಿ ಅಂದಿದ್ದೆ. ತೋರಿಸಿದ್ರಿ. ಆದ್ರೆ ಅಕ್ಕ, ಮುಂದಿನ ವರ್ಷ ನಿಮ್ಮನ್ನ ಬಿಡಲ್ಲ."

"ಬಿಡಬೇಡ," ಎಂದಳು ಆಕೆ.

ಸ್ಪರ್ಧೆಯ ದಿನ ದೊಡ್ಡ ಸಭಾಂಗಣ ಕಿಕ್ಕಿರಿದಿತ್ತು. ಅಂಚೆಯವರ ಬ್ಯಾಂಡು, ಅಗ್ನಿಶಾಮಕ ದಳದ ಬ್ಯಾಂಡು, ಗಾಜಿನ ಕಾರ್ಖಾನೆಯವರ ಬ್ಯಾಂಡು, ಎಲ್ಲ ಬಂದಿದ್ದವು. ಮುಂದಿನ ಸಾಲಿನಲ್ಲಿ ಅತ್ತೆ ಸೆಟ್ಟು ಹಾಕಿಕೊಂಡು ಗಂಭೀರವಾಗಿ ಕೂತಿದ್ದಳು. ಅತ್ತೆಯ ಪಕ್ಕ ಡಾಕ್ಟರಮ್ಮ. ಡಿಪೋದ ಸರದಿ ಬಂದಾಗ ಸಂಜೆಯಾಗಿತ್ತು. ಕೃತಿ ಸಾಗಿತು. ಟ್ರಂಪೆಟ್ಟು ಸುಮ್ಮನಾಯಿತು, ಡ್ರಮ್ಮು ಸುಮ್ಮನಾಯಿತು, ಕೊನೆಗೆ ಆಕೆ ಒಬ್ಬಳೇ ಉಳಿದಳು. ಸಭಾಂಗಣದ ಅಷ್ಟೂ ಜನರ ಕಿವಿ ತನ್ನ ತುಟಿಯ ಮೇಲೆ ನಿಂತಿದೆ ಎನಿಸಿತು. ಹೆದರಿಕೆ ಇಣುಕಿ ನೋಡಿತು. ದವಡೆ ಬಿಗಿಯಲು ಹೊರಟಿತು. ಆಕೆ ಅದನ್ನು ಗುರುತಿಸಿ ಸಡಿಲ ಬಿಟ್ಟಳು. ನಾದ ನಿಂತಿತು, ಮೆಲ್ಲಗೆ ಮೇಲೇರಿತು, ಇಡೀ ಬ್ಯಾಂಡನ್ನು ಎಬ್ಬಿಸಿಕೊಂಡು ಹೋಗಿ ಮುಗಿಸಿತು.

ತೀರ್ಪುಗಾರರು ಮೊದಲ ಬಹುಮಾನಕ್ಕೆ ಬಸ್ ಡಿಪೋದ ಬ್ಯಾಂಡಿನ ಹೆಸರು ಹೇಳಿದಾಗ ಕಂಡಕ್ಟರುಗಳು ಸೀಟಿ ಹೊಡೆದ ಸದ್ದಿಗೆ ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಮುಂದಿನ ಮಾತು ಇಷ್ಟು: ಗೆದ್ದವರು ತಮ್ಮ ಕೃತಿಯನ್ನು ಈಗಲೇ ಇನ್ನೊಮ್ಮೆ ಪೂರ್ತಿ ನುಡಿಸಬೇಕು. ಯಾವತ್ತೂ ಗೆಲ್ಲದ ಡಿಪೋದವರು ಆ ಪದ್ಧತಿಯನ್ನು ಮರೆತೇಬಿಟ್ಟಿದ್ದರು.

ಮೇಷ್ಟ್ರು ಆಕೆಯ ಕಡೆ ತಿರುಗಿದರು. ಮುಖದಲ್ಲಿ ಮೊದಲ ಸಲ ಆತಂಕ. ಪೇಂಟರು ಬಾಗಿ ಕೇಳಿದ, "ಅಕ್ಕ, ಬೇಕಂದ್ರೆ ಈ ಸಲ ಸೋಲೋ ನಾನು ಹಿಡೀಲಾ? ಯಾರೂ ಏನೂ ಅನ್ಕೊಳ್ಳಲ್ಲ."

ಆಕೆ ನಾಲಗೆಯಿಂದ ತುಟಿಯ ಒಳಭಾಗ ಮುಟ್ಟಿ ನೋಡಿಕೊಂಡಳು. ಮೂಲೆಗಳನ್ನು ಒಮ್ಮೆ ಬಿಗಿದು, ಒಮ್ಮೆ ಬಿಟ್ಟಳು. ದಣಿವಿತ್ತು, ಆದರೆ ಅದರ ಕೆಳಗೆ ಇನ್ನೂ ಗಟ್ಟಿ ನೆಲವಿತ್ತು.

"ಬೇಡಪ್ಪ. ಇನ್ನೂ ಇದೆ."

ಎರಡನೇ ಸಲ ಆಕೆ ಒಂಟಿಯಾಗಿ ಉಳಿದಾಗ ಹೆದರಿಕೆ ಹತ್ತಿರವೂ ಸುಳಿಯಲಿಲ್ಲ. ಗೆಲ್ಲುವುದಕ್ಕೆ ಊದಬೇಕಾಗಿರಲಿಲ್ಲ, ತೋರಿಸುವುದಕ್ಕೂ ಬೇಕಾಗಿರಲಿಲ್ಲ. ಏರಿಕೆಯ ತುದಿಯ ಸ್ವರವನ್ನು ಮುಟ್ಟಿ ಅಲ್ಲೇ ನಿಂತಳು. ಉಳಿದವರನ್ನು ಕರೆಯಲು ಮೇಷ್ಟ್ರು ಕೋಲು ಎತ್ತಿದವರು, ಆಕೆಯ ಮುಖ ನೋಡಿ, ಎತ್ತಿದ ಕೈಯನ್ನು ಹಾಗೇ ಹಿಡಿದರು. ಸ್ವರ ತೆಳ್ಳಗಾಗದೆ, ತಗ್ಗದೆ, ದೀಪದ ಕುಡಿಯ ಹಾಗೆ ನೆಟ್ಟಗೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ ತಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದರು. ಇನ್ನು ಸಾಕೆಂದು ಆಕೆ ಕಣ್ಣಲ್ಲೇ ಸನ್ನೆ ಮಾಡಿದ ಮೇಲೆ ಕೋಲು ಇಳಿಯಿತು, ಇಡೀ ಬ್ಯಾಂಡು ಸಿಡಿದೆದ್ದಿತು.

ಮರಳುವಾಗ ಬಸ್ಸನ್ನು ಗಂಡನೇ ಓಡಿಸುತ್ತಿದ್ದ. ಬಹುಮಾನದ ಬಟ್ಟಲು ಅತ್ತೆಯ ಮಡಿಲಲ್ಲಿತ್ತು, ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಆಕೆ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ತುಟಿಗಳು ಕಾದು ಕೆಂಪಾಗಿದ್ದವು. ಹಿಂದಿನ ಸಾಲಿನಲ್ಲಿ ಡ್ರಮ್ಮಿನವನು ಎದುರಿನ ಸೀಟಿನ ಬೆನ್ನ ಮೇಲೆ ತಾಳ ಹಾಕತೊಡಗಿದ. ಪೇಂಟರು ಪೆಟ್ಟಿಗೆ ಬಿಚ್ಚಿ ಕುಣಿಯುವಂಥ ಒಂದು ಸಣ್ಣ ಮಟ್ಟು ಎತ್ತಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ರಸ್ತೆಯವರು ತಿರುಗಿ ನೋಡಿದರು. ಗಂಡ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ಕೇಳಿದ, "ತುಟಿ ನೋಯ್ತಿದೆಯಾ?"

"ನೋಯ್ತಿದೆ," ಎಂದಳು ಆಕೆ. ಕ್ಲಾರಿನೆಟ್ಟನ್ನು ಜೋಡಿಸಿಕೊಂಡು, ಪೇಂಟರು ಎತ್ತಿಕೊಂಡ ಮಟ್ಟಿನ ಮೇಲೆ ತನ್ನದೊಂದು ಮಟ್ಟು ಸೇರಿಸಿದಳು.